ಗೂಡಿನ ದಾರಿಗೆ ಅಡ್ಡ ಕೂತ ತನುಜ

ಗೌರಿಬಿದನೂರಿನ ಆಸ್ಪತ್ರೆಯೊಂದರಲ್ಲಿ ರಕ್ತಪರೀಕ್ಷೆ ಮಾಡುವ ತನುಜಳಿಗೆ ಭಾನುವಾರ ಬಂತೆಂದರೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಹಳೆಯ ಕ್ಯಾಮೆರಾ ಹೆಗಲಿಗೇರಿಸಿ ಸ್ಕೂಟರಿನಲ್ಲಿ ನಗರಗೆರೆ ಕಡೆಯ ಗುಡ್ಡಗಳಿಗೆ ಹೊರಡುತ್ತಿದ್ದಳು. ಅಲ್ಲಿನ ಕಡಿದಾದ ಬಂಡೆಯ ಸಂದಿನಲ್ಲಿ ಜೋಡಿ ಹದ್ದುಗಳು ಗೂಡು ಕಟ್ಟಿದ್ದು ಅವಳಿಗೆ ಮಾತ್ರ ಗೊತ್ತಿತ್ತು.

"ಗದ್ದ ನೋಡಕ್ಕೆ ಅಷ್ಟು ದೂರ ಹೋಗ್ಬೇಕೇನಮ್ಮಾ? ಕೋಳಿಮರಿ ಎತ್ಕೊಂಡು ಹೋಗಕ್ಕೆ ದಿನಾ ಇಲ್ಲಿಗೇ ಬರ್ತದಲ್ಲ" ಎಂದು ಹದ್ದನ್ನು ತೆಲುಗಿನವರಂತೆ ಗದ್ದ ಎನ್ನುವ ತಾಯಿ ಲಕ್ಷ್ಮಿದೇವಮ್ಮ ನಗುತ್ತಿದ್ದರು.

ಫೋಟೋದಲ್ಲಿ ಹದ್ದು ಸಾಸಿವೆ ಕಾಳಿನಷ್ಟೇ ಕಾಣುತ್ತಿತ್ತು. ಹಕ್ಕಿ ಫೋಟೋ ತೆಗೆಯುವವರ ವಾಟ್ಸ್ಯಾಪ್ ಗುಂಪಿಗೆ ಒಂದನ್ನು ಹಾಕಿದಾಗ, ಗುಂಪು ನಡೆಸುವ ಸುಧೀಂದ್ರ, "ಮೊದ್ಲು ಒಳ್ಳೇ ಲೆನ್ಸ್ ತಗೊಳ್ಳಿ ಮೇಡಂ, ಇದು ಆಟದ ಸಾಮಾನು" ಎಂದು ಬರೆದ.

ಮಾತು ಚುಚ್ಚಿತು. ಬೆಂಗಳೂರಿನ ಕ್ಯಾಮೆರಾ ಅಂಗಡಿಗೆ ಹೋದಳು. ಮೊಳದುದ್ದದ ಲೆನ್ಸನ್ನು ಬಾಗಿಲಾಚೆ ತಿರುಗಿಸಿದರೆ, ಎದುರು ಕಟ್ಟಡದ ನೀರಿನ ಟ್ಯಾಂಕಿನ ಮೇಲೆ ಕೂತ ಹದ್ದು ರೆಪ್ಪೆ ಮುಚ್ಚಿ ತೆರೆದದ್ದೂ ಕಂಡಿತು! ಬೆಲೆ ಕೇಳಿ ಬರಿಗೈಯಲ್ಲಿ ಹಿಂತಿರುಗಿದಳು. ಆದರೆ ಆ ಕಣ್ಣು ಅವಳನ್ನು ಬಿಡಲಿಲ್ಲ.

ಅಷ್ಟರಲ್ಲಿ ಅವಳ ಫೋಟೋದಿಂದ ಸುಧೀಂದ್ರನಿಗೆ ಗೂಡಿನ ವಾಸನೆ ಹತ್ತಿತ್ತು. "ಜಾಗ ತೋರಿಸಿ. ನಾನು ಹೊಸ ಲೆನ್ಸ್ ತಗೊಂಡಿದೀನಿ, ಹಳೇದು ನಿಮಗೇ ಕೊಟ್ಬಿಡ್ತೀನಿ" ಎಂದ. ತನುಜ ಎರಡು ದಿನ ತಡೆದಳು. ಮೂರನೆಯ ದಿನ ಒಪ್ಪಿಬಿಟ್ಟಳು.

ಭಾನುವಾರ ಬೆಳಿಗ್ಗೆ ಅವನನ್ನೂ ಅವನ ಮೂವರು ಗೆಳೆಯರನ್ನೂ ಕರೆದುಕೊಂಡು ಗುಡ್ಡ ಹತ್ತಿದಳು. ಅವನ ಹಳೆಯ ಲೆನ್ಸ್ ಆಗಲೇ ಅವಳ ಕ್ಯಾಮೆರಾದಲ್ಲಿತ್ತು. ಗೂಡು ದೂರದಿಂದ ಕಾಣುವ ಕಡೆ ಅವಳು ನಿಂತಳು. ಸುಧೀಂದ್ರ ನಿಲ್ಲಲಿಲ್ಲ.

"ಆ ಕೊಂಬೆ ಅಡ್ಡ ಬರ್ತಿದೆ. ಕಡಿದ್ರೆ ಮರಿ ಪೂರ್ತಿ ಕಾಣುತ್ತೆ" ಎಂದು ಚೀಲದಿಂದ ಮಚ್ಚು ತೆಗೆದ.

ಮರಿಗಿದ್ದದ್ದು ಆ ಕೊಂಬೆಯ ನೆರಳೊಂದೇ. ತಾಯಿಹದ್ದು ಗೂಡು ಬಿಟ್ಟೆದ್ದು ಕೂಗುತ್ತಾ ಸುತ್ತತೊಡಗಿತು. ಮುಂದಿನ ದಾರಿ ಎರಡು ಬಂಡೆಗಳ ನಡುವೆ ಒಬ್ಬರು ನುಸುಳುವಷ್ಟೇ ಇತ್ತು. ತನುಜ ಓಡಿಹೋಗಿ ಅಲ್ಲೇ ಕೂತುಬಿಟ್ಟಳು.

"ಏಳಿ ಮೇಡಂ, ಐದು ನಿಮಿಷದ ಕೆಲಸ."

"ಏಳಲ್ಲ. ನನ್ನ ದಾಟ್ಕೊಂಡು ಹೋಗಿ, ನೋಡಣ."

"ಕರ್ಕೊಂಡು ಬಂದಿದ್ದೇ ನೀವಲ್ವಾ?"

"ಹೌದು, ತಪ್ಪು ಮಾಡ್ದೆ. ಅದಕ್ಕೇ ಕೂತಿರೋದು." ಲೆನ್ಸ್ ಬಿಚ್ಚಿ ಅವನ ಕಡೆ ಚಾಚಿದಳು. "ತಗೊಳ್ಳಿ ನಿಮ್ಮ ಸಾಮಾನು."

"ಗುಂಪಿಂದ ತೆಗೆದುಹಾಕ್ತೀನಿ."

"ತೆಗೀರಿ. ಇನ್ನೊಂದ್ಸಲ ಈ ಗುಡ್ಡ ಹತ್ತಿದ್ರೆ ಫಾರೆಸ್ಟ್‌ನವರನ್ನ ಕರ್ಕೊಂಡೇ ಬರ್ತೀನಿ."

ಗೆಳೆಯರು ಮುಖ ಮುಖ ನೋಡಿಕೊಂಡು ಇಳಿಯತೊಡಗಿದರು. ಲೆನ್ಸ್ ಕಿತ್ತುಕೊಂಡು ಬೈಯುತ್ತಾ ಸುಧೀಂದ್ರನೂ ಇಳಿದ. ಅವರ ಕಾರು ಹೊರಟ ಸದ್ದು ಕೇಳುವವರೆಗೂ ಅವಳು ಬಿಸಿಲಲ್ಲಿ ಕದಲಲಿಲ್ಲ. ಮನೆ ಸೇರುವುದರೊಳಗೆ ಗುಂಪಿನಿಂದ ಅವಳ ಹೆಸರು ಹೋಗಿತ್ತು.

ಮಾರ್ಚಿನಲ್ಲಿ ಮರಿ ಹಾರಿತು. ಆಸ್ಪತ್ರೆಯ ಚಹಾ ಬಿಡುವಿನಲ್ಲಿ ತನುಜ ಈಗಲೂ ಮೊಬೈಲಿನಲ್ಲಿ ಲೆನ್ಸುಗಳನ್ನೇ ನೋಡುತ್ತಾಳೆ. "ಇನ್ನೂ ಆಸೆ ಹೋಗಿಲ್ವೇನಕ್ಕಾ?" ಎಂದು ಮೊನ್ನೆ ಜೊತೆಗೆ ಕೆಲಸ ಮಾಡುವ ಲಾವಣ್ಯ ಕೆಣಕಿದಳು.

"ಯಾಕೆ ಹೋಗ್ಬೇಕು? ನನ್ನ ದುಡಿಮೇಲಿ ಒಂದಿನ ತಗೊಂಡೇ ತಗೋತೀನಿ" ಎಂದಳು ತನುಜ. "ಯಾರ ಹಂಗೂ ಬೇಡ."