ಸ್ನಾಯುವಿನ ಸುದ್ದಿ ಸ್ನಾಯುವನ್ನೇ ಕೇಳಬೇಕು

ಕಾಯಿ ಕಿವಿಯವರೆಗೆ ಹೋಗಲಿಲ್ಲ.

ನಮ್ಮ ಯಜಮಾನರದು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರು ಇಂಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಲೊಡಲೊಡ ಎನ್ನುತ್ತದೆ. ಆಮೇಲೇ ಒಡೆಯುವುದು. ಆ ಸಂಜೆ ಒಂದು ಕಾಯಿ ಎತ್ತಿದರು. ಕೈ ಭುಜದ ಮಟ್ಟಕ್ಕೆ ಬಂದು ನಿಂತಿತು. ನಡುಗಿತು. ಕಾಯಿ ನೆಲಕ್ಕೆ ಬಿತ್ತು.

"ಎಣ್ಣೆ ಕೈ ಕಣೇ, ಜಾರ್ತು," ಎಂದರು.

ಕೈಯಲ್ಲಿ ಎಣ್ಣೆ ಇರಲಿಲ್ಲ.

ಆಮೇಲೆ ಮೆಟ್ಟಿಲು ಹತ್ತಲು ಗೋಡೆ ಬೇಕಾಯಿತು. ಪೂಜೆಗೆ ಕೂತವರು ಏಳಲು ನನ್ನ ಕೈ ಕೇಳಿದರು. ಇನ್ನೂ ನಲವತ್ತು ದಾಟದ ಗಂಡಸು. ಹಾಸನದಲ್ಲಿ ಹತ್ತಾರು ಪರೀಕ್ಷೆಗಳಾದವು, ಡಿಎನ್‌ಎ ಟೆಸ್ಟೂ ಆಯಿತು. ಅದರಲ್ಲಿ ಒಂದು ಜೀನ್‌ನ ಬಗ್ಗೆ ಅನುಮಾನವಿತ್ತು, ಖಚಿತವಾಗಿ ಏನೂ ಹೇಳಲಾಗದು ಎಂದರು ಅಲ್ಲಿನ ಡಾಕ್ಟರು. ಬಹುಶಃ ಮಸ್ಕ್ಯುಲರ್ ಡಿಸ್ಟ್ರೊಫಿ. ಸ್ನಾಯುಗಳು ಕ್ರಮೇಣ ಸೊರಗುತ್ತವೆ. ಮುಂದೆ ವೀಲ್‌ಚೇರ್ ಬೇಕಾಗಬಹುದು.

ಔಷಧಿ ಇಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಅವರು ಕಿಟಕಿಯಾಚೆ ತೋಟಗಳನ್ನು ನೋಡುತ್ತ ಎಳನೀರಿನ ರೇಟು ಮಾತಾಡಿದರು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಹಳೇಬೀಡಿನಲ್ಲಿ ಮೇಷ್ಟ್ರಾಗಿರುವ ನನ್ನಣ್ಣ ಸುದ್ದಿ ಕೇಳಿ ಓಡಿ ಬಂದ. "ಒಬ್ರು ಹೇಳಿದ್ರು ಅಂತ ಕೈಚೆಲ್ಲಿ ಕೂರೋದಾ ಭಾವ? ಬೆಂಗಳೂರಲ್ಲಿ ತೋರ್ಸೋಣ ನಡೀರಿ," ಎಂದು ಹೊರಡಿಸಿದ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಸಿಕ್ಕ ಡಾಕ್ಟರು ಹೆಂಗಸು. ಮಾತಾಡುವುದಕ್ಕಿಂತ ಕೇಳಿಸಿಕೊಳ್ಳುವುದೇ ಹೆಚ್ಚು.

"ದಿನದಲ್ಲಿ ಯಾವ ಹೊತ್ತು ಜಾಸ್ತಿ ಕಷ್ಟ ಆಗುತ್ತೆ?"

"ಎಲ್ಲಾ ಹೊತ್ತೂ ಒಂದೇ ಮೇಡಂ. ಅಂಥಾದ್ದೇನಿಲ್ಲ," ಎಂದರು ಇವರು. ಕೈ ಎತ್ತಿ ಅಂದರೆ ಎತ್ತಿದರು. ಒತ್ತಿ ಅಂದರೆ ಹಲ್ಲು ಕಚ್ಚಿ ಒತ್ತಿದರು.

ತನ್ನ ಸರಕಿನ ಹುಳುಕನ್ನು ತಾನೇ ಹೇಳುವ ವ್ಯಾಪಾರಿಯನ್ನು ನಾನಂತೂ ಕಂಡಿಲ್ಲ. ಚೀಲ ಬಿಚ್ಚಿದರೆ ಮೇಲೆ ಒಳ್ಳೆಯ ಉಂಡೆ ಕೊಬ್ಬರಿಯೇ ಕಾಣಬೇಕು, ಅದು ಮಂಡಿಯ ರೂಢಿ. ಈ ಪುಣ್ಯಾತ್ಮ ಹಾಸನದಲ್ಲೂ ಇದನ್ನೇ ಮಾಡಿದ್ದರು ಎಂದು ನನಗೆ ಆಗ ಹೊಳೆಯಿತು. ಚೆನ್ನಾಗಿ ನಿದ್ದೆ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಬೆಳಗಿನ ಬಲವನ್ನೆಲ್ಲ ಡಾಕ್ಟರ ಮುಂದೆ ಹರಡಿ ಬರುತ್ತಿದ್ದರು.

"ಸುಳ್ಳು ಮೇಡಂ," ಎಂದೆ. "ಬೆಳಿಗ್ಗೆ ಇರೋ ಇವ್ರೇ ಬೇರೆ, ಸಂಜೆ ಇರೋ ಇವ್ರೇ ಬೇರೆ. ಸಂಜೆ ಊಟಕ್ಕೆ ಕೂತ್ರೆ ಕೈ ಬಾಯಿಗೆ ಬರಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತ್ರೆ ಮತ್ತೆ ಬರುತ್ತೆ."

"ಏ, ಸುಮ್ನಿರೇ."

"ಸುಮ್ನಿದ್ದು ಸಾಕಾಗೈತೆ ಕಣ್ರೀ."

ಡಾಕ್ಟರು ಪೆನ್ನು ಕೆಳಗಿಟ್ಟರು. ಇವರಿಂದ ಮತ್ತೆ ಮತ್ತೆ ಕೈ ಎತ್ತಿಸಿದರು. ಕೊನೆಗೆ ಕೈ ತಾನಾಗಿ ಸೋತು ಬಿತ್ತು. "ಹೀಗೆ ಸೋತು, ವಿಶ್ರಾಂತಿಯಿಂದ ಮತ್ತೆ ಬರೋ ಬಲ ಅಂದ್ರೆ ಬೇರೆ ಕಾಯಿಲೆ ಇರ್ಬಹುದು. ಅಂಥವುಗಳಲ್ಲಿ ಕೆಲವಕ್ಕೆ ಮಾತ್ರೆ ಇದೆ," ಎಂದರು.

ಮಾತ್ರೆ ಇದೆ.

ಆ ಅನುಮಾನದ ಜೀನ್ ಏನು ಮಾಡುತ್ತಿದೆ ಎಂದು ತಿಳಿಯಲು ಆರ್‌ಎನ್‌ಎ ಸೀಕ್ವೆನ್ಸಿಂಗ್ ಆಗಬೇಕು, ಅದಕ್ಕೆ ತೊಡೆಯಿಂದ ಚೂರು ಸ್ನಾಯು ಬೇಕು ಎಂದರು. ರಕ್ತ ಸಾಲದೇ ಎಂದು ಕೇಳಿದೆ. ಅವರು ಬೇಸರಪಡದೆ ವಿವರಿಸಿದರು. ಮೈಯ ಎಲ್ಲ ಕಡೆ ಇರುವುದು ಅವೇ ಜೀನ್‌ಗಳು. ಆದರೆ ಯಾವ ಜೀನ್ ಎಲ್ಲಿ ಎಷ್ಟು ಕೆಲಸ ಮಾಡುತ್ತದೆ ಎಂಬುದು ಅಂಗದಿಂದ ಅಂಗಕ್ಕೆ ಬೇರೆ. ಕೆಲಸ ಮಾಡುವ ಜೀನ್ ತನ್ನ ನಕಲುಗಳನ್ನು ಹೊರಡಿಸುತ್ತದೆ. ಅವೇ ಆರ್‌ಎನ್‌ಎ. ಅವನ್ನು ಓದಿ ಎಣಿಸುವುದೇ ಈ ಪರೀಕ್ಷೆ. ಆ ಅನುಮಾನದ ಜೀನ್‌ನ ನಕಲಿಗೆ ಮುಖ್ಯವಾಗಿ ಸ್ನಾಯುವಿನಲ್ಲಿ ಒಂದು ಹೆಚ್ಚಿನ ತುಣುಕು ಸೇರಬೇಕಂತೆ. ರಕ್ತದಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ.

"ಅಂದ್ರೆ ಮೇಲಿನ ಕಾಯಿ ನೋಡಿ ತಳದ ಕಾಯಿಗೆ ಬೆಲೆ ಕಟ್ಟಬಾರ್ದು ಅನ್ನಿ," ಎಂದರು ಇವರು.

"ಅಷ್ಟೇ. ಇಲಿಗಳ ಸ್ನಾಯುವಿನಲ್ಲೂ ಈ ತುಣುಕು ಇದೆ, ಗೊತ್ತಾ?"

"ನಮ್ಮ ಅಟ್ಟದ ಇಲಿಗಳಿಗೆ ಅದು ಸರಿಯಾಗೇ ಐತೆ ಬಿಡಿ ಮೇಡಂ. ನನ್ನ ಕೊಬ್ಬರಿ ತಿಂದು ಹೆಂಗೆ ಓಡ್ತವೆ!"

ಎಷ್ಟೋ ದಿನದ ಮೇಲೆ ನಾನು ನಕ್ಕೆ.

ಬಯಾಪ್ಸಿ ಆಯಿತು. ತೆಗೆದ ಚೂರನ್ನು ತಡಮಾಡದೆ ಹೆಪ್ಪುಗಟ್ಟಿಸಿದರು, ಆರ್‌ಎನ್‌ಎ ಬೇಗ ಕೆಡುತ್ತದಂತೆ. ಫಲಿತಾಂಶಕ್ಕೆ ಕಾಯುವ ವಾರಗಳಲ್ಲಿ ನನಗೆ ಒಂದೇ ಯೋಚನೆ. ನಮ್ಮ ಚೂರನ್ನು ಯಾವುದರ ಜೊತೆ ಹೋಲಿಸುತ್ತಾರೆ? ಯಕೃತ್ತು, ಹೃದಯ, ಮಿದುಳು, ಸ್ನಾಯು ಎಂದು ಒಂದೊಂದರಲ್ಲೂ ಸಾವಿರಾರು ಜೀನ್‌ಗಳು ಎಷ್ಟೆಷ್ಟು ಕೆಲಸ ಮಾಡುತ್ತವೆ ಎಂದು ಯಾರೋ ಮೊದಲೇ ಅಳೆದಿಟ್ಟಿದ್ದಾರಂತೆ. ಅದಕ್ಕೆ ಯಾರ ಯಾರದೋ ಮೈಯ ಚೂರು ಬಂದಿದೆ. ಅರಸೀಕೆರೆ ಎಲ್ಲಿದೆ ಎಂದೂ ಅರಿಯದವರು ಕಣ್ಣು ಕೀಲಿಸಿ ಮಾಡಿದ ಕೆಲಸ ನಮ್ಮ ಮನೆಯ ಮೆಟ್ಟಿಲವರೆಗೆ ಬಂತಲ್ಲ ಎಂದು ಬೆರಗಾಗುತ್ತಿತ್ತು. ದಿನಾ ದೀಪ ಹಚ್ಚುವಾಗ ಅವರನ್ನೂ ನೆನೆಯುತ್ತಿದ್ದೆ. ಈಗಲೂ ನೆನೆಯುತ್ತೇನೆ.

ಫಲಿತಾಂಶ ಬಂದ ದಿನ ಡಾಕ್ಟರು ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಆರೋಗ್ಯವಂತರ ಸ್ನಾಯುವಿನಲ್ಲಿ ಆ ತುಣುಕಿನ ಜಾಗದಲ್ಲಿ ಗುಡ್ಡದಂಥ ಗೆರೆ. ಇವರದರಲ್ಲಿ ಹೆಚ್ಚುಕಡಿಮೆ ಬಯಲು. ನರ ಹೇಳಿದ್ದು ಸ್ನಾಯುವಿಗೆ ಸರಿಯಾಗಿ ಮುಟ್ಟದ ಕಾಯಿಲೆ. ಹುಟ್ಟಿನಿಂದ ಬಂದದ್ದು, ತಡವಾಗಿ ತೋರಿಕೊಂಡದ್ದು. ಪೂರ್ತಿ ಹೋಗುವುದಿಲ್ಲ. ಆದರೆ ಮಾತ್ರೆಗೆ ಬಗ್ಗುತ್ತದೆ.

ಮಾತ್ರೆ ಶುರುವಾಗಿ ಕೆಲವು ತಿಂಗಳಾಗಿವೆ. ಮೆಟ್ಟಿಲಿಗೆ ಗೋಡೆ ಇನ್ನೂ ಬೇಕು, ಪೂಜೆಯಿಂದ ಏಳಲು ನಾನು ಬೇಡ. ಮುಂದೆ ಹೇಗೋ ಗೊತ್ತಿಲ್ಲ. ಇಷ್ಟಕ್ಕೇ ಕೈ ಮುಗಿಯುತ್ತೇನೆ.

ಮೊನ್ನೆ ಸಂಜೆ ಕಾಫಿ ಹಿಡಿದು ಮಂಡಿಗೆ ಹೋದೆ. ಅವರದು ದಿನವಿಡೀ ದುಡಿದ ಮೈ. ನನ್ನನ್ನು ನೋಡಿ ಅವರು ಒಂದು ಕಾಯಿ ಎತ್ತಿಕೊಂಡರು. ಕೈ ಭುಜದ ಮಟ್ಟಕ್ಕೆ ಬಂತು. ಅಲ್ಲಿ ಒಂದು ಗಳಿಗೆ ನಿಂತಿತು. ಕೈ ಕಿವಿಯವರೆಗೆ ಹೋಯಿತು.

"ಹೆಂಗೈತ್ರೀ?" ಎಂದೆ. ಚೆನ್ನಾಗೈತೆ ಎಂದೇ ಹೇಳುತ್ತಾರೆ ಎಂದುಕೊಂಡಿದ್ದೆ.

"ಕೈ ಇನ್ನೂ ನಡುಗ್ತೈತೆ ಕಣೇ," ಎಂದರು. "ಆದ್ರೆ ಕೇಳಿಸ್ತು."