ಅರ್ಧ ಹೂವಿನ ಕರವಸ್ತ್ರ

“ಇದನ್ನ ನೀವೇ ಇಟ್ಕಳಿ ಟೀಚರ್” ಎಂದು ರತ್ನ ತಾನು ಕಸೂತಿ ಹಾಕುತ್ತಿದ್ದ ಕರವಸ್ತ್ರವನ್ನು ನನ್ನ ಕೈಗಿಟ್ಟಳು. ಹೂವು ಇನ್ನೂ ಅರ್ಧವೇ ಆಗಿತ್ತು. ಆದರೂ ನನಗೆ ಹಿಗ್ಗೋ ಹಿಗ್ಗು. ಕಳ್ಳತನದ ಕೇಸಿನಲ್ಲಿ ಕೋರ್ಟು ಕಳಿಸಿದ್ದ, ಯಾರೊಡನೆಯೂ ಮಾತಾಡದ ಬೇರಿಕೆ ಊರಿನ ಕಡೆಯ ಹುಡುಗಿ ಅವಳು. ಎಂಬತ್ತರ ದಶಕದ ಆರಂಭದಲ್ಲಿ ನಾನು ಹೊಸೂರಿನಿಂದ ಪ್ರತಿ ಗುರುವಾರ ಬಸ್ಸು ಹಿಡಿದು, ಕೃಷ್ಣಗಿರಿ ಕಡೆಯ ಆ ಬಾಲಕಿಯರ ಹೋಮಿಗೆ ಹೊಲಿಗೆ ಕಲಿಸಲು ಹೋಗುತ್ತಿದ್ದೆ.

ಕರವಸ್ತ್ರ ಬ್ಯಾಗಿಗೆ ಹಾಕುವಷ್ಟರಲ್ಲಿ, ಕಸ ಗುಡಿಸುತ್ತಿದ್ದ ಆಯಾ ಮುನಿಯಮ್ಮ ನನ್ನ ಕೈ ಹಿಡಿದುಕೊಂಡರು. “ತಕಬ್ಯಾಡಿ ಅಮ್ಮಾ. ನಿನ್ನೆಯಿಂದ ರಿಬ್ಬನ್ನು, ಬಾಚಣಿಗೆ, ಬಳೆ ಎಲ್ಲಾ ಹಂಚ್ತಾವ್ಳೆ.” ಹಂಚಿದರೆ ತಪ್ಪೇನೆಂದು ನನಗೆ ಹೊಳೆಯಲಿಲ್ಲ. ಮುನಿಯಮ್ಮ ಪೊರಕೆ ಪಕ್ಕಕ್ಕಿಟ್ಟು ರತ್ನಳ ಎದುರು ಕೂತರು. ಊಟ ಆಯ್ತಾ ಎಂದು ಕೇಳುವಷ್ಟೇ ಸಲೀಸಾಗಿ ಕೇಳಿದರು: “ಸತ್ತೋಗ್ಬೇಕು ಅನ್ನಿಸ್ತೈತಾ ಮಗಾ?”

ನಾನು ಬೆಚ್ಚಿಬಿದ್ದೆ. ಇಂಥದ್ದನ್ನು ಬಾಯಿಬಿಟ್ಟು ಕೇಳುವುದುಂಟೇ? ಆದರೆ ರತ್ನ ಹೌದೆಂದು ತಲೆಯಾಡಿಸಿ, ಹೋಮಿಗೆ ಬಂದ ಮೇಲೆ ಮೊದಲ ಸಲ ಅತ್ತಳು. ನಾನು ಓಡಿಹೋಗಿ ವಾರ್ಡನ್ನಿಗೆ ಹೇಳಿದೆ; ಡಾಕ್ಟರಿಗೆ ಹೇಳಿ ಕಳಿಸಿದರು. ಮುನಿಯಮ್ಮ ಅವಳ ಪಕ್ಕದಿಂದ ಏಳಲೇ ಇಲ್ಲ. ಹೊರಡುವಾಗ ಕರವಸ್ತ್ರವನ್ನು ರತ್ನಳಿಗೇ ಕೊಟ್ಟು, “ಹೂವು ಮುಗಿಸು, ಮುಂದಿನ ಗುರುವಾರ ತಗೋತೀನಿ” ಎಂದೆ. ಮುಂದಿನ ಗುರುವಾರ ಹೂವು ಮುಗಿದಿತ್ತು. ಪಕ್ಕದಲ್ಲಿ ಇನ್ನೊಂದು ಶುರುವಾಗಿತ್ತು.

ಇದ್ದದ್ದನ್ನೆಲ್ಲ ಹಂಚುವುದು ಸಾಯಲು ಹೊರಟವರ ಸುಳಿವೆಂದು, ಹಾಗೆ ನೇರವಾಗಿ ಕೇಳಬೇಕೆಂದು ಮುನಿಯಮ್ಮನಿಗೆ ಯಾರು ಕಲಿಸಿದ್ದರೋ, ನನಗೆ ಇಂದಿಗೂ ಕುತೂಹಲ. ಆ ಕರವಸ್ತ್ರ ಮಾತ್ರ ನನಗೆ ಸಿಗಲೇ ಇಲ್ಲ. ಮನೆಗೆ ಹೊರಟ ದಿನ ರತ್ನ ಅದನ್ನು ತಾನೇ ತೆಗೆದುಕೊಂಡು ಹೋದಳು.