ನೀಲಿ ಹಲ್ಲಿನ ಅರಸನೂ ನನ್ನ ಹಳೆಯ ಕಾರೂ

ನನ್ನ ಕಾರಿಗೂ ನನ್ನ ಫೋನಿಗೂ ಮಾತುಕತೆ ಇಲ್ಲ. ಮನೆಯ ಗುಟ್ಟೆಂದು ಬಹಳ ದಿನ ಮುಚ್ಚಿಟ್ಟಿದ್ದೆ. ಬೀದರದ ಚಿದ್ರಿಯ ನಮ್ಮ ಓಣಿಗೆಲ್ಲ ತಿಳಿದ ಮೇಲೆ ನಿಮ್ಮೆದುರು ಒಪ್ಪಿಕೊಳ್ಳಲು ಸಂಕೋಚವೇನು? ಗಾಂಧಿ ಗಂಜಿನ ವ್ಯಾಪಾರಿಯೊಬ್ಬರಿಂದ ಕೊಂಡ ಸೆಕೆಂಡ್ ಹ್ಯಾಂಡ್ ಕಾರು ಅದು. ಕೀಲಿ ತಿರುಗಿಸಿದೊಡನೆ ಹಳೆಯ ಧಣಿಯ ಫೋನನ್ನೇ ಹುಡುಕುತ್ತದೆ. ಅದು ಸಿಗದಿದ್ದರೆ ನನ್ನ ಕಡೆ, ಬಡವರ ಮನೆಯ ಸೊಸೆಯನ್ನು ನೋಡುವ ಅತ್ತೆಯ ಹಾಗೆ ನೋಡುತ್ತದೆ.

ಬ್ಲೂಟೂತ್ ಎಂಬುದು ಯಾವುದೋ ಚಳಿನಾಡಿನ ಅರಸನ ಹೆಸರಂತೆ. ಅವನಿಗೊಂದು ನೀಲಿ ಹಲ್ಲಿತ್ತೆಂದು ಐತಿಹ್ಯ; ಜಗಳಾಡುವ ಸೀಮೆಗಳನ್ನು ಒಂದುಗೂಡಿಸಿದನೆಂದು ಖ್ಯಾತಿ. ನಮ್ಮ ಬೀದರದ ಚರಿತ್ರೆ ಇದಕ್ಕೆ ತದ್ವಿರುದ್ಧ. ಇಲ್ಲಿಯ ಕೋಟೆಯಲ್ಲಿ ಕೂತು ಆಳಿದವರ ಒಂದು ರಾಜ್ಯ ಕಡೆಗೆ ಐದಾಗಿ ಒಡೆಯಿತು. ಇಂಥ ಮಣ್ಣಿನಲ್ಲಿ ನಿಂತು ಎರಡು ಯಂತ್ರಗಳನ್ನು ಜೋಡಿಸಲು ಹೋಗುವುದು ಧಾರ್ಷ್ಟ್ಯವೇ ಸರಿ. ಆದರೂ ಆ ಬೇಸಿಗೆಯಲ್ಲಿ ಜೋಡಿಸಲೇಬೇಕಾಯಿತು.

ಮಳೆ ಎರಡು ವರ್ಷ ಕೈಕೊಟ್ಟಿತ್ತು. ಔರಾದದ ಬಸ್ ನಿಲ್ದಾಣದಲ್ಲಿ ಹೈದರಾಬಾದಿಗೋ ಪುಣೆಗೋ ಹೊರಟವರ ಗಂಟುಮೂಟೆಗಳ ನಡುವೆ ಕಾಲಿಡಲು ಜಾಗವಿರಲಿಲ್ಲ. ನನ್ನ ತಂಗಿಯ ಮಗಳು ರೇಣುಕಾಳ ಗಂಡ ಮಾಳಪ್ಪ ಕುರಿ ಹಿಂಡು ಹೊಡೆದುಕೊಂಡು ನೀರಿದ್ದ ಕಡೆ ಹೋಗಿದ್ದ. ಅವನು ಹೋದ ಮೇಲೆ ಔರಾದದ ತವರಿನಲ್ಲಿ ಮಗ ಹುಟ್ಟಿದ. ಮೂರು ತಿಂಗಳಾದರೂ ಅಪ್ಪ ಮಗನ ಮುಖ ನೋಡಿರಲಿಲ್ಲ. ಹಿಂಡು ಬಿಟ್ಟು ಔರಾದದತನಕ ಬರುವಂತಿಲ್ಲ. ಹಿಂಡು ಒಂದೂರಲ್ಲಿ ನಿಲ್ಲುವಂಥದ್ದಲ್ಲ. ದಿನಕ್ಕೊಮ್ಮೆ ಮಾಳಪ್ಪ, ಯಾವುದಾದರೂ ಚಹಾದಂಗಡಿಯಲ್ಲಿ ಫೋನ್ ಚಾರ್ಜಿಗೆ ಹಾಕಿ, ಹತ್ತರ ಸುಮಾರಿಗೆ ನನ್ನ ತಂಗಿಗೆ ಫೋನ್ ಮಾಡಿ, ಇವತ್ತು ಯಾರ ಹೊಲದಲ್ಲಿದ್ದೇನೆಂದು ಹೇಳುವನು. ಆಮೇಲೆ ಫೋನ್ ಬಂದ್. ಮರುದಿನ ಭಾಲ್ಕಿಯ ಆಸುಪಾಸಿಗೆ ಬರುತ್ತೇನೆಂದು ಒಮ್ಮೆ ಹೇಳಿದ. ಕೂಸನ್ನು ಕರೆತರುತ್ತೇವೆ, ನಾಳೆ ಮಾಮಾನ ನಂಬರಿಗೆ ಮಾಡು ಎಂದಳು ತಂಗಿ. ಕಾರಿದ್ದ ಮಾಮಾ ನಾನೊಬ್ಬನೇ.

ಅಂದು ಸಂಜೆ ಶಾಸ್ತ್ರೋಕ್ತವಾಗಿ ಕೂತೆ. ಕಾರಿನ ನೆನಪಿನಿಂದ ಹಳೆಯ ಧಣಿಯನ್ನು ಅಳಿಸಿದೆ. ಎರಡೂ ಯಂತ್ರಗಳನ್ನು ಆರಿಸಿ ಮತ್ತೆ ಹಚ್ಚಿದೆ. ಎರಡರ ಪರದೆಯ ಮೇಲೂ ಒಂದೇ ಸಂಖ್ಯೆ ಮೂಡಿತು; ಒಪ್ಪಿಗೆಯೇ ಎಂದು ಎರಡೂ ಕೇಳಿದವು. ನಮ್ಮ ಕಡೆ ವೀಳ್ಯ ಬದಲಾಯಿಸುವಾಗಲೂ ಇಷ್ಟು ನೇಮವಿಲ್ಲ. ಒಂದು ಭಜನೆ ಹಚ್ಚಿದೆ. ಕಾರು ಕೊರಳೆತ್ತಿ ಹಾಡಿತು. ರೋಗ ವಾಸಿಯಾಯಿತೆಂದು ಘೋಷಿಸಿ ಉಂಡು ಮಲಗಿದೆ. ಹಾಡಿನ ಸದ್ದೇ ಬೇರೆ, ಕರೆಯ ಸದ್ದೇ ಬೇರೆ, ಎರಡನ್ನೂ ಬೇರೆಬೇರೆಯಾಗಿ ಏರಿಸಬೇಕು ಎಂಬ ಜ್ಞಾನ ನನಗೆ ಒದಗಿದ್ದು ಎಲ್ಲ ಮುಗಿದ ಮೇಲೆ. ಕಾರಿನಲ್ಲಿ ಕರೆಯ ಸದ್ದು ಸೊನ್ನೆಗೆ ಇಳಿದಿತ್ತು.

ಮರುದಿನ ಔರಾದಕ್ಕೆ ಹೋಗಿ ತಾಯಿ ಮಗುವನ್ನು ಕೂರಿಸಿಕೊಂಡು ಭಾಲ್ಕಿಯ ಹತ್ತಿರ ಬಂದಾಗ ಹತ್ತೂವರೆ. ಪರದೆಯ ಮೇಲೆ ಮಾಳಪ್ಪನ ಹೆಸರು ಮೂಡಿತು. ಗಾಡಿ ಬದಿಗೆ ನಿಲ್ಲಿಸಿ ಹಸಿರು ಗುಂಡಿ ಒತ್ತಿದೆ. ಸದ್ದಿಲ್ಲ. ಫೋನನ್ನು ಕಿವಿಗೆ ಹಿಡಿದರೆ ಅಲ್ಲೂ ಇಲ್ಲ. ದನಿಯನ್ನೆಲ್ಲ ಕಾರು ನುಂಗಿ ಕೂತಿತ್ತು. ಕಂಡ ಗುಂಡಿಗಳನ್ನೆಲ್ಲ ಒತ್ತಿದೆ. ವೈಪರ್ ಆಡಿತು. ಕಾರನ್ನು ಬೈದೆ, ಅದನ್ನು ಮಾರಿದವರನ್ನು ಬೈದೆ, ನೆಟ್ಟಗೆ ಒಂದು ಫೋನ್ ಮಾಡಲು ಬಾರದ ಕುರುಬನಿಗೆ ಹೆಣ್ಣು ಕೊಟ್ಟ ನಮ್ಮ ಬುದ್ಧಿಯನ್ನೂ ಬೈದೆ. ಈ ಗದ್ದಲಕ್ಕೆ ಕೂಸು ಚಿಟ್ಟನೆ ಚೀರಿತು.

“ಕೆಳಗಿಳಿದು ಯಾರಿಗರೆ ಕೇಳ್ರಿ ಮಾಮಾ,” ಎಂದಳು ರೇಣುಕಾ.

ಮೂವತ್ತೈದು ವರ್ಷ ಕಚೇರಿಯ ಕಡತ ತಿದ್ದಿದವನು ದಾರಿಹೋಕರನ್ನು ಕೇಳುವುದೇ? ಬಂದಾದ ಕಬ್ಬಿನಹಾಲಿನ ಗಾಡಿಯ ಪಕ್ಕದ ಈ ಬೇವಿನ ಮರದಡಿ ಸಂಜೆಯತನಕ ಬೇಕಾದರೂ ಕೂರುತ್ತೇನೆ, ಯಾರನ್ನೂ ಕೇಳುವುದಿಲ್ಲ ಎಂದು ಸಾರಿದೆ. ಪರದೆಯ ಮೇಲೆ ನಿಮಿಷಗಳು ಓಡುತ್ತಲೇ ಇದ್ದವು. ಎಂಟಾದವು, ಕರೆ ಕಡಿಯಿತು. ತಿರುಗಿ ಮಾಡಿದರೆ ಸ್ವಿಚ್ ಆಫ್.

ಆಮೇಲಿನ ಒಂದೂವರೆ ತಾಸು ನಾನು ಕಾರಿನಿಂದ ಇಳಿದೆ, ಹತ್ತಿದೆ, ಮತ್ತೆ ಇಳಿದೆ. ರೇಣುಕಾ ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದಳು. ಬೈದಿದ್ದರೆ ಹಗುರಾಗುತ್ತಿತ್ತು. ನಾಳೆ ಹಿಂಡು ಯಾವ ದಿಕ್ಕಿಗೋ. ಅತ್ತು ಸುಸ್ತಾದ ಕೂಸು ನಿದ್ದೆ ಹೋಯಿತು.

ಅಷ್ಟರಲ್ಲಿ ಯಾರದೋ ಬೈಕಿನ ಹಿಂದಿನಿಂದ ಹೆಗಲಿಗೆ ಕಂಬಳಿ ಹಾಕಿದ ಒಬ್ಬ ಇಳಿದ. ಮಾಳಪ್ಪ!

ಈ ಜಾಗ ಹೇಗೆ ಗೊತ್ತಾಯಿತೆಂದು ಕೇಳಿದೆ.

“ನೀವೇ ಹೇಳಿದ್ರಲ್ರಿ ಮಾಮಾ. ಕಬ್ಬಿನಹಾಲಿನ ಗಾಡಿ, ಬೇವಿನ ಗಿಡ. ನಿಮಗ ನಂದು ಕೇಳ್ಲಿಲ್ಲೇನೋ, ನನಗ ನಿಮ್ದು ಎಲ್ಲಾ ಕೇಳ್ತು.”

ಎಲ್ಲಾ ಎಂದಾಗ ಅವನು ನನ್ನ ಮುಖ ನೋಡಲಿಲ್ಲ. ಅದು ಅವನ ದೊಡ್ಡತನ. ನಾನು ಗಂಟಲು ಸರಿಮಾಡಿಕೊಂಡು, “ಜಾಗ ತಿಳೀತಲ್ಲ, ಫೋನ್ ಇಡಬೇಕಿಲ್ಲೊ? ಇದ್ದ ಚಾರ್ಜೂ ಹೋತು,” ಎಂದು ಹಿರಿತನ ಕಾಯ್ದುಕೊಂಡೆ.

“ಕೂಸು ಅಳ್ಲಕತ್ತಿತ್ತಲ್ರಿ,” ಎಂದ.

ರೇಣುಕಾ ಮಗುವನ್ನು ಅವನ ಕೈಗಿತ್ತಳು. ಕಂಬಳಿ ಚುಚ್ಚಿತೋ ಕುರಿಯ ವಾಸನೆ ಬಡಿಯಿತೋ, ಅದು ಕಣ್ಣು ಬಿಟ್ಟು ಅಪರಿಚಿತನನ್ನು ನೋಡಿ ಭೋರೆಂದಿತು. ಸಮಾಧಾನ ಮಾಡಲು ಅವಳು ಕೈ ಚಾಚಿದಳು.

“ಇರಲಿ ಬಿಡು,” ಎಂದ ಮಾಳಪ್ಪ. “ಫೋನಿನಾಗ ಇವನ ಅಳು ತುಂಡು ತುಂಡು ಕೇಳ್ತು.”

ನಾನು ಟೈರು ನೋಡುವ ನೆಪದಿಂದ ಕಾರಿನ ಆಚೆ ಬದಿಗೆ ಹೋದೆ. ನಾಲ್ಕೂ ಟೈರುಗಳು ನೆಟ್ಟಗಿದ್ದವು. ಒಂದೊಂದನ್ನೂ ಸಾವಕಾಶವಾಗಿ ನೋಡಿದೆ.